ಕನೆಕ್ಟರಿಗೆ ಬಿದ್ದ ದರ್ಜಿಯ ಗೀಟು

“ತಡೀರಿ, ಆ ವೈರ್ ಹಚ್ಚಬ್ಯಾಡ್ರಿ,” ಎಂದವರು ಮೆಕ್ಯಾನಿಕ್‌ನ ತಾಯಿ; ಮಸ್ಕಿಯ ಗ್ಯಾರೇಜಿಗೆ ನಮಗೆ ಚಹಾ ತಂದಿದ್ದರು. ಅವರು ಜಂಪರ್, ಅಂದರೆ ರವಿಕೆ, ಹೊಲಿಯುವವರು. ನನ್ನ ಹಳೇ ಕಾರಿನ ಎಂಜಿನ್ ಕಂಪ್ಯೂಟರಿನ ವೈರುಗಳನ್ನು ಇಲಿ ಕಡಿದಿತ್ತು. ನಾನು ಮೊಬೈಲಿನ ಚಿತ್ರ ನೋಡಿ ಪಿನ್ ನಂಬರು ಹೇಳುತ್ತಿದ್ದೆ, ಅವರ ಮಗ ಕನೆಕ್ಟರಿನಲ್ಲಿ ಎಣಿಸುತ್ತಿದ್ದ. ತಪ್ಪು ಪಿನ್ನಿಗೆ ಕರೆಂಟ್ ಹೋದರೆ ಕಂಪ್ಯೂಟರೇ ಸುಟ್ಟು ಕಾರು ಗುಜರಿ ಪಾಲು.

“ಚಿತ್ರದಾಗ ಈ ಕನೆಕ್ಟರಿನ ಕೊಂಡಿ ಎಡಕ್ಕೈತಿ, ನಿಮ್ಮ ಕೈಯಾಗ ಬಲಕ್ಕೈತಿ. ಜಂಪರ್ ತಿರುವಿ ಹಾಕಿದ್ರ ಎಡತೋಳು ಬಲಕ್ಕ ಬರಂಗಿಲ್ಲೇನು?”

ಹೌದು, ಚಿತ್ರ ಮುಂಬದಿಯದು, ನಾವು ಹಿಂಬದಿಯಿಂದ ಎಣಿಸುತ್ತಿದ್ದೆವು. ಎಣಿಕೆ ಯಾವ ಕಡೆಯಿಂದ ಶುರು ಎಂದು ತಿಳಿಯಲು ಅವರು ಕನೆಕ್ಟರಿನ ಬೆನ್ನಿಗೆ, ಬಟ್ಟೆಗೆ ಗುರುತು ಹಾಕುವ ತಮ್ಮ ಸೀಮೆಸುಣ್ಣದಿಂದ ಗೀಟು ಎಳೆದರು. ಮತ್ತೆ ಎಣಿಸಿ, ಜೋಡಿಸಿ, ಕೀಲಿ ತಿರುವಿದೆ. ಮೂರು ವಾರದಿಂದ ಮೂಕಾಗಿದ್ದ ಎಂಜಿನ್ ಗುರ್ ಎಂದಿತು. ಖುಷಿಯಲ್ಲಿ ನಾನು ಚಹಾ ಮೈಮೇಲೆ ಚೆಲ್ಲಿಕೊಂಡೆ.

ಆ ಗೀಟು ಇನ್ನೂ ಇದೆ. ಕಾರು ತೊಳೆಯುವಾಗ ಅದಕ್ಕೆ ನೀರು ತಾಗಲು ಬಿಡುವುದಿಲ್ಲ.