ಹುಷಾರಿಲ್ಲದ ಅತ್ತೆ

ಅತ್ತೆ ತೀರಿಕೊಂಡ ಸುದ್ದಿ ಬಂದಾಗ ನನ್ನ ಹೆಂಡತಿ ಅಮೆರಿಕದ ಸಮಾಮಿಶ್ ಊರಿನ ನಮ್ಮ ಅಡುಗೆಮನೆಯಲ್ಲಿ ಆರು ತಿಂಗಳ ಮಗಳಿಗೆ ಗಂಜಿ ತಿನ್ನಿಸುತ್ತಿದ್ದಳು. ಫೋನ್ ಮಾಡಿದವಳು ಅವಳ ಅಕ್ಕ. ಮಾತು ಮುಗಿಸಿ, ಮಗುವಿನ ಬಾಯಿ ಒರೆಸಿ, ನನ್ನ ಕಡೆ ತಿರುಗಿ, "ಅಮ್ಮನಿಗೆ ಹುಷಾರಿಲ್ಲ" ಎಂದಳು. ನನಗೆ ಅರ್ಥವಾಯಿತು. ಬಾಣಂತನಕ್ಕೆಂದು ಮೈಸೂರಿನಿಂದ ಬಂದು ನಮ್ಮೊಡನೆಯೇ ಉಳಿದಿದ್ದ ನನ್ನ ಅಮ್ಮನಿಗೆ ಆಗಲಿಲ್ಲ.

"ಏನಾಗಿದ್ಯಂತೆ? ಡಾಕ್ಟ್ರಿಗೆ ತೋರಿಸಿದಾರಾ?" ಎಂದು ಕೇಳಿದಳು. ಅವಳನ್ನು ಹಾಲಿಗೆ ಕರೆದುಕೊಂಡು ಹೋಗಿ ನಾನೇ ವಿಷಯ ಹೇಳಬೇಕಾಯಿತು.

ನನ್ನ ಹೆಂಡತಿಯ ಊರು ಇಂಡೋನೇಷ್ಯಾದ ಸುಲಾವೇಸಿ ದ್ವೀಪದ ಗುಡ್ಡಗಳ ನಡುವಿನ ಹಳ್ಳಿ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೋಗಿದ್ದೆ. ಕರಾವಳಿಯಿಂದ ಇಡೀ ರಾತ್ರಿ ಬಸ್ಸು, ಆಮೇಲೆ ಬೈಕಿನ ಹಿಂದೆ ಕೂತು ಕೆಸರು ದಾರಿ, ಕೊನೆಗೆ ನಡಿಗೆ. ಬೈಕಿನಿಂದ ಇಳಿದವನು ಸೊಂಟ ಇನ್ನೂ ಇದೆಯೇ ಎಂದು ಮುಟ್ಟಿ ನೋಡಿಕೊಂಡೆ. ಅಲ್ಲಿ ಮನೆಗಳ ಮಾಡು ಎರಡೂ ತುದಿಗಳಲ್ಲಿ ದೋಣಿಯ ಹಾಗೆ ಮೇಲಕ್ಕೆ ಬಾಗಿರುತ್ತದೆ. ಪ್ರತಿ ಮನೆಯ ಎದುರಿಗೂ ಅದೇ ಆಕಾರದ ಸಣ್ಣ ಭತ್ತದ ಕಣಜ. ಅದರ ಕೆಳಗಿನ ಹಲಗೆಯ ಮೇಲೆ ಊರಿನವರ ಹರಟೆ. ಬೆಳಗ್ಗೆ ಎದ್ದರೆ ಮೋಡ ನಮಗಿಂತ ಕೆಳಗೆ, ಗದ್ದೆಗಳ ಮೇಲೆ ಇರುತ್ತಿತ್ತು. ಕೋಣಗಳಿಗೆ ಅಳಿಯನಿಗಿಂತ ಹೆಚ್ಚಿನ ಉಪಚಾರ. ಅವನ್ನು ಉಳುವುದಕ್ಕೆ ಕಟ್ಟುತ್ತಿರಲಿಲ್ಲ, ದಿನಾ ಮೈತೊಳೆದು ಮೇಯಿಸುತ್ತಿದ್ದರು.

ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೊಸ ಪಾತ್ರೆ ತರಿಸಿ ಮರಗೆಣಸಿನ ಸೊಪ್ಪು ಬೇಯಿಸಿಕೊಟ್ಟರು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಅದಕ್ಕೂ ನಕ್ಕರು. ನಾವು ಹೊರಡುವ ದಿನ ಆ ಪಾತ್ರೆಯನ್ನು ತೊಳೆದು ಮೊಳೆಗೆ ತೂಗುಹಾಕಿ, ಇದು ಅಳಿಯನದು, ಇದರಲ್ಲಿ ಬೇರೆ ಯಾರಿಗೂ ಬೇಯಿಸುವುದಿಲ್ಲ ಎಂದರು.

ಅದೇ ಮನೆಯ ಹಿಂದಿನ ಕೋಣೆಯಲ್ಲಿ ಹೆಂಡತಿಯ ಅಜ್ಜ ಮಲಗಿದ್ದರು. ಹುಷಾರಿಲ್ಲ, ಮಾತಾಡಿಸು ಎಂದಳು. ಕೈಮುಗಿದು ಮಾತಾಡಿಸಿದೆ. ಪಕ್ಕದಲ್ಲಿ ಯಾರೋ ಬಿಸಿ ಕಾಫಿ ಇಟ್ಟಿದ್ದರು. ಅವರು ಉಸಿರು ಬಿಟ್ಟು ಎರಡು ವರ್ಷವಾಗಿತ್ತೆಂದು ನನಗೆ ತಿಳಿದದ್ದು ಸಂಜೆ. "ಮೊದಲೇ ಹೇಳಿದ್ರೆ ನೀನು ಒಳಗೇ ಬರ್ತಿರ್ಲಿಲ್ಲ" ಎಂದು ಸಮಜಾಯಿಷಿ ಕೊಟ್ಟಳು. ಆ ಊರಿನಲ್ಲಿ ಉಸಿರು ನಿಂತ ಮಾತ್ರಕ್ಕೆ ಯಾರೂ ಸತ್ತವರಲ್ಲ. ಮದ್ದು ಹಾಕಿ ದೇಹವನ್ನು ಕಾಪಾಡುತ್ತಾರೆ, ಊಟ ಇಡುತ್ತಾರೆ, ಹೊರಗೆ ಹೋಗುವಾಗ ಹೇಳಿ ಹೋಗುತ್ತಾರೆ. ಮಕ್ಕಳೆಲ್ಲ ಬಂದು ಸೇರಿ, ಉತ್ತರಕ್ರಿಯೆಯಲ್ಲಿ ಬಲಿ ಕೊಡುವ ಮೊದಲನೆಯ ಕೋಣ ಬೀಳುವವರೆಗೆ ಅವರು ಕಾಯಿಲೆಯವರು. ಕೋಣ ಬಿದ್ದ ಮೇಲೆ ಸಾವು. ಆಮೇಲೆ ಬಂಡೆಯಲ್ಲಿ ಕೊರೆದ ಗೂಡಿಗೆ ಒಯ್ಯುತ್ತಾರೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಅದು ಅವರೂರಲ್ಲಿ ಕಣೋ. ಇವಳು ನಮ್ಮನೆ ಸೊಸೆ. ಮದ್ವೆಯಾದ ಮಗಳಿಗೆ ತಾಯಿ ಸೂತಕ ಮೂರು ದಿನ. ತಲೆಗೆ ಸ್ನಾನ ಮಾಡ್ಲಿ" ಎಂದು ದೇವರಮನೆಯ ಬಾಗಿಲು ಮುಚ್ಚಿದಳು. ನಮ್ಮ ದೇವರಮನೆ ಎಂದರೆ ಕೋಟು ನೇತುಹಾಕುವ ಕ್ಲಾಸೆಟ್ಟು. ಹೆಂಡತಿ ನೆಟ್ಟಗೆ ಬಂದು ಬಾಗಿಲು ತೆಗೆದು ದೀಪ ಹಚ್ಚಿದಳು. ಭಾನುವಾರ ಚರ್ಚಿಗೆ ಹೋಗುವವಳು.

"ಹುಷಾರಿಲ್ಲ ಅಷ್ಟೇ ಅಮ್ಮಾ. ಈಗ ದೀಪ ಬೇಕು" ಎಂದಳು, ಅಮ್ಮನಿಂದಲೇ ಕಲಿತ ಕನ್ನಡದಲ್ಲಿ.

ಅಮ್ಮ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆಯ ಮಳೆ ನೋಡಿದೆ.

ಹೆಂಡತಿಯ ಊರಿನಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ಹಿಂದಿನ ಗುಡ್ಡದ ಮೇಲೆ ಮಾತ್ರ. ನಾನು ರೆಡ್ಮಂಡ್‌ನ ಆಫೀಸಿನಿಂದ ಮನೆಗೆ ಬರುವ ಹೊತ್ತಿಗೆ ಅಲ್ಲಿ ಬೆಳಗಾಗಿ, ಅಕ್ಕ ಗುಡ್ಡ ಹತ್ತಿರುತ್ತಿದ್ದಳು. ಹೆಂಡತಿ ತಾಯಿಗೆ ಹೇಳಬೇಕಾದ್ದನ್ನು ಅವಳಿಗೆ ಹೇಳುವುದು, ಅವಳು ಇಳಿದು ಹೋಗಿ ಕೋಣೆಯಲ್ಲಿ ಹೇಳುವುದು. ಮಗುವಿಗೆ ಹಲ್ಲು ಬಂತು. ಮಗು ಕೂತುಕೊಂಡಿತು. ಬೇಗ ಬರ್ತೀನಿ. ಈ ಕೊನೆಯ ಮಾತು ಮಾತ್ರ ದಿನಾ ಇರುತ್ತಿತ್ತು.

ಬರುವುದು ಹೇಗೆ? ಅವಳ ಗ್ರೀನ್ ಕಾರ್ಡಿನ ಅರ್ಜಿ ನಡುದಾರಿಯಲ್ಲಿತ್ತು. ಅನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಯಾವಾಗ ಒಳಗೆ ಬಿಡುತ್ತಾರೋ ದೇವರಿಗೇ ಗೊತ್ತು. ಮಾಮೂಲು ಅನುಮತಿ ಸರದಿಯಲ್ಲಿ ಕೊಳೆಯುತ್ತಿತ್ತು. ತುರ್ತು ಅನುಮತಿ ಕೇಳೋಣವೆಂದು ಇಮಿಗ್ರೇಷನ್ ಆಫೀಸಿಗೆ ಹೋದೆವು. ಕಿಟಕಿಯಾಚೆ ಇದ್ದಾಕೆ ಒಳ್ಳೆಯವಳು. ನಿಮ್ಮ ತಾಯಿ ಇದ್ದಾರೋ, ಹೋದರೋ ಎಂದು ಮೆತ್ತಗೆ ಕೇಳಿದಳು.

"ಹುಷಾರಿಲ್ಲ" ಎಂದಳು ಹೆಂಡತಿ.

ಹಾಗಾದರೆ ಡಾಕ್ಟರ ಪತ್ರ ಬೇಕು ಎಂದಳು ಆಕೆ. ಹೋಗಿದ್ದರೆ ಮರಣಪತ್ರ. ಎರಡರಲ್ಲಿ ಒಂದು ತಂದುಕೊಡಿ, ನಾನೇ ನೋಡುತ್ತೇನೆ ಎಂದಳು. ಉಸಿರಿಲ್ಲದವರಿಗೆ ಕಾಯಿಲೆಯೆಂದು ಯಾವ ಡಾಕ್ಟರು ಬರೆದುಕೊಡುತ್ತಾನೆ?

ಕಾರಿನಲ್ಲಿ ನಾನು ಕೂಗಾಡಿದೆ. "ಒಂದು ಮಾತು! ಹೋಗ್ಬಿಟ್ರು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕಾರು ಇಸ್ಸಾಕ್ವಾ ಪೇಟೆ ದಾಟಿ ನಮ್ಮ ಮನೆಯ ಗುಡ್ಡ ಹತ್ತಿತು. ಆಮೇಲೆ, "ನಾನು ಹೇಳಿದ್ರೆ ಅಮ್ಮ ಹೋಗ್ತಾಳೆ. ಅಲ್ಲಿ ಎಲ್ಲರೂ ಬಾಯಿ ಮುಚ್ಕೊಂಡು ಕಾಯ್ತಿದಾರೆ, ನನಗೋಸ್ಕರ. ನಾನೇ ಹೇಳ್ಲಾ?" ಎಂದಳು. ನನಗೆ ಅಳು ಬರುತ್ತಿತ್ತು, ವೈಪರ್ ಜೋರು ಮಾಡಿದೆ.

ಕೊನೆಗೆ ಹೆಂಡತಿಗೆ ಗೊತ್ತಾಗದಂತೆ ನಾನೇ ಅಕ್ಕನಿಗೆ ಫೋನ್ ಮಾಡಿ, ಊರಿನ ಮುಖಂಡನಿಂದ ಮರಣಪತ್ರ ಬರೆಸಿ ಕಳಿಸು ಎಂದು ಗೋಗರೆದೆ. ಅವಳು ಮರುದಿನ ಗುಡ್ಡ ಹತ್ತಿ ಹೇಳಿದಳು: ಮುಖಂಡ ಬರೆಯುತ್ತಾನಂತೆ, ಆದರೆ ಕೋಣ ಬಿದ್ದ ಮೇಲೆ. ಅದಕ್ಕೆ ಮೊದಲು ಬರೆದರೆ ಅದು ಸುಳ್ಳು, ನಾನು ಸುಳ್ಳು ಬರೆಯುವುದಿಲ್ಲ ಎಂದನಂತೆ. ಉತ್ತರಕ್ರಿಯೆಗೆ ಹೋಗಲು ಬೇಕಾದ ಪತ್ರ ಉತ್ತರಕ್ರಿಯೆ ಶುರುವಾದ ಮೇಲೆಯೇ ಸಿಗುವುದು. ಈ ಗಂಟನ್ನು ಎಲ್ಲಿಂದ ಬಿಚ್ಚಬೇಕೋ ತಿಳಿಯದೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಸ್ಟಿಯರಿಂಗಿಗೆ ತಲೆ ಕೊಟ್ಟು ಕೂತೆ.

ಚಳಿಗಾಲ ಕಳೆಯಿತು. ಹೆಂಡತಿ ಒಮ್ಮೆ ಬ್ಯಾಗು ತುಂಬಿದಳು, ಮಗು ಬ್ಯಾಗಿನೊಳಗೆ ಹತ್ತಿ ಕೂತಿತು, ಬಟ್ಟೆಗಳನ್ನು ಮತ್ತೆ ತೆಗೆದಿಟ್ಟಳು. ಅಮ್ಮ ಈಗ ಸೂತಕದ ಮಾತೆತ್ತುತ್ತಿರಲಿಲ್ಲ. ಸಂಜೆ ಫೋನಿನ ಹೊತ್ತಿಗೆ ತಾನೇ, "ನಿಮ್ಮಮ್ಮ ಹೇಗಿದಾರಂತೆ, ಕೇಳು" ಎನ್ನುತ್ತಿದ್ದಳು.

ಬೇಸಿಗೆಯಲ್ಲಿ ಮಾವ ಸ್ವತಃ ಕೋಲೂರಿಕೊಂಡು ಗುಡ್ಡ ಹತ್ತಿ ಬಂದರು. ಅವರಿಗೆ ಎದೆನೋವು ಶುರುವಾಗಿತ್ತು. ನಾನು ಮೊದಲು ಹೋದರೆ ನಿನ್ನ ಅಮ್ಮನನ್ನು ಕಳಿಸಿಕೊಡುವವರು ಯಾರು, ನೆಂಟರೆಲ್ಲ ಬಂದಿದ್ದಾರೆ, ಬಿದಿರಿನ ಚಪ್ಪರ ಏಳುತ್ತಿದೆ, ಇನ್ನು ಕಾಯಲಾರೆ ಮಗಳೇ ಎಂದರು. ಸ್ಪೀಕರಿನಲ್ಲಿ ಅವರ ಏದುಸಿರು ಕೇಳಿಸುತ್ತಿತ್ತು. ಹೆಂಡತಿ ಆಯಿತು ಎಂದಳು. ಆಮೇಲೆ ಅಕ್ಕನನ್ನು ಕರೆದು, ಒಂದು ಮಾತನ್ನು ಕೆಳಗೆ ತಾಯಿಯ ಕೋಣೆಗೆ ಒಯ್ಯಲು ಹೇಳಿದಳು. ಅದೇನೆಂದು ನಾನು ಕೇಳಲಿಲ್ಲ.

ಕೋಣ ಬೀಳುವ ದಿನ ನಾನು ಆಫೀಸಿಗೆ ಹೋಗಲಿಲ್ಲ. ಸಂಜೆ ಫೋನಿನಲ್ಲಿ ಎರಡು ಚಿತ್ರ ಬಂದವು. ಒಂದು, ಮುಖಂಡನ ಮೊಹರು ಬಿದ್ದ ಮರಣಪತ್ರ. ಇನ್ನೊಂದು, ಅಡುಗೆಮನೆಯ ಗೋಡೆ, ಅದರ ಮೊಳೆಯಲ್ಲಿ ನನ್ನ ಪಾತ್ರೆ. ಅಳಿಯ ಬಂದಾಗ ಇರಲಿ ಎಂದು ಬರೆದಿದ್ದಳು ಅಕ್ಕ.

ಹೆಂಡತಿ ಎರಡನ್ನೂ ನೋಡಿದಳು. ಎದ್ದು ಹೋಗಿ ಕ್ಲಾಸೆಟ್ಟಿನ ಬಾಗಿಲು ತಾನೇ ಮುಚ್ಚಿದಳು. ಅಮ್ಮ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು.

"ಅಮ್ಮಾ, ಈಗ ತಲೆಗೆ ಸ್ನಾನ ಮಾಡ್ಲಾ?" ಎಂದು ಕೇಳಿದಳು.

ಅಮ್ಮ ಮಗುವನ್ನು ನನ್ನ ಕೈಗೆ ಕೊಟ್ಟು, "ಬಾ ಮಗಳೇ, ನಾನೇ ನೀರು ಹಾಕ್ತೀನಿ" ಎಂದು ಅವಳ ಕೈ ಹಿಡಿದುಕೊಂಡು ಬಚ್ಚಲಿಗೆ ಹೋದಳು.