ಬಿಸಿನೀರಕ್ಕನ ಕಂಠ

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಬಿಸಿನೀರಕ್ಕ ಎಂದೇ ಕರೆಯುತ್ತಿದ್ದರು. ಫ್ಲಾಸ್ಕಿನ ಬಿಸಿನೀರು ಗುಟುಕರಿಸದೆ ಮೈಕಿನ ಮುಂದೆ ತುಟಿ ಬಿಚ್ಚಿದವಳೇ ಅಲ್ಲ. ಐವತ್ತು ದಾಟಿದ, ಮಂಡಿನೋವಿನ, ಮೊಮ್ಮಗಳ ಜಡೆ ಹೆಣೆದು ಬಸ್ಸು ಹಿಡಿದು ಬರುವ ಹೆಂಗಸು. ಕತ್ತಲ ಬೂತಿನಲ್ಲಿ ನಿಂತು ಬಾಯಿ ತೆರೆದಳೋ, ಇಪ್ಪತ್ತರ ಹುಡುಗಿ. ಜನ ಹುಚ್ಚೆದ್ದು ನೋಡುವ ನಾಯಕಿಯೊಬ್ಬಳಿಗೆ ಮೊದಲ ಚಿತ್ರದಿಂದಲೂ ಇವಳದೇ ಕಂಠ. ನಾಯಕಿಯ ಸ್ವಂತ ದನಿಯೋ, ದೇವರೇ, ವರ್ಷವಿಡೀ ನೆಗಡಿಯಾದವರ ಹಾಗೆ ಒಡಕು. ಈ ಗುಟ್ಟು ಸಿನಿಮಾದವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾಯಕಿ ಅವಳನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದಳು, ಇವಳೂ ಅವಳನ್ನು ಒಡಹುಟ್ಟಿದ ತಂಗಿಯಂತೆ ಹಚ್ಚಿಕೊಂಡಿದ್ದಳು.

ಆ ಸಲದ ಚಿತ್ರ ಥ್ರಿಲ್ಲರ್. ನಟಿಯೊಬ್ಬಳ ಬೆನ್ನು ಬಿದ್ದ ಹುಚ್ಚು ಅಭಿಮಾನಿಯ ಕಥೆ. ಬೆಳಗಿನಿಂದ ಕಿರುಚಿ ಕಿರುಚಿ ಸುಸ್ತಾದ ಅಕ್ಕ ಹೊರಗೆ ಬಂದರೆ ಆಫೀಸಿನ ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತುವವರಿರಲಿಲ್ಲ. ಎತ್ತಿದಳು. ಆ ಕಡೆ ಒಬ್ಬ ಗಂಡಸು ಅಳುತ್ತಿದ್ದ. ನಾಯಕಿಯ ಜೊತೆ ಒಂದೇ ಒಂದು ಮಾತಾಡಬೇಕಂತೆ, ಅಲ್ಲಿಯವರೆಗೆ ಅನ್ನ ಮುಟ್ಟುವುದಿಲ್ಲವಂತೆ. ಅಕ್ಕನಿಗೆ ಪಾಪ ಅನ್ನಿಸಿತು. ಎರಡು ಒಳ್ಳೆ ಮಾತಾಡಿದರೆ ನಮ್ಮ ಗಂಟೇನು ಹೋಗುತ್ತದೆ ಎಂದುಕೊಂಡು ನಾಯಕಿಯ ದನಿಯಲ್ಲೇ ಹೇಳಿಬಿಟ್ಟಳು:

"ಮೊದ್ಲು ಊಟ ಮಾಡಿ. ನಾನೆಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀನಿ."

ಹೇಗಿದೆ ನೋಡಿ ಬುದ್ಧಿ! ಪಾಪ ಅನ್ನಿಸುವುದು ತಪ್ಪಲ್ಲ. ಆದರೆ ಇನ್ನೊಬ್ಬಳ ಹೆಸರಿನಲ್ಲಿ ಮಾತು ಕೊಡುವುದೇ? ಸೌಂಡ್ ಇಂಜಿನಿಯರನಿಗೆ ಹೇಳಿಕೊಂಡು ನಕ್ಕಳು, ಅವನೂ ನಕ್ಕ. ಮಾರನೆಯ ದಿನದಿಂದ ಆ ಮನುಷ್ಯ ಬಿಟ್ಟೂಬಿಡದೆ ಫೋನು ಮಾಡತೊಡಗಿದ. ಅವಳು ನನಗೆ ಮಾತು ಕೊಟ್ಟಿದ್ದಾಳೆ, ಕರೀರಿ ಅವಳನ್ನ ಎನ್ನುತ್ತಿದ್ದ. ಆಗ ಇಬ್ಬರ ನಗುವೂ ನಿಂತಿತು. ನಾಯಕಿಗೆ ಹೇಳಬೇಕು, ಇವತ್ತು ಹೇಳಬೇಕು ಎನ್ನುತ್ತಲೇ ಅಕ್ಕ ದಿನ ದೂಡಿದಳು. ಅಷ್ಟರಲ್ಲಿ ನಾಯಕಿಗೆ ಮದುವೆ ಗೊತ್ತಾದ ಸುದ್ದಿ ಪತ್ರಿಕೆಯಲ್ಲಿ ಬಂತು.

ಆ ವಾರವೇ ಒಂದು ಮಧ್ಯಾಹ್ನ ನಾಯಕಿ ಡಬ್ಬಿಂಗ್ ಮುಗಿದ ಭಾಗ ನೋಡಲು ಬಂದು ಇಂಜಿನಿಯರನ ಪಕ್ಕ ಕುಳಿತಿದ್ದಳು. ಅಕ್ಕ ಗಾಜಿನ ಆಚೆ, ದೀಪ ಆರಿಸಿದ ಬೂತಿನಲ್ಲಿ. ಬಾಗಿಲು ತಳ್ಳಿಕೊಂಡು ಒಬ್ಬ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ತಲೆ; ಯಾವುದೋ ಬ್ಯಾಂಕಿನ ಗುಮಾಸ್ತ ಅನ್ನಬೇಕು. ನಾಯಕಿ ಗಾಬರಿಯಾಗಿ ಯಾರು ನೀವು ಎಂದು ಕೇಳಿದಳು. ಆ ಒಡಕು ದನಿ ಕಿವಿಗೆ ಬಿದ್ದದ್ದೇ ಅವನ ಮುಖ ಬಿಳಿಚಿಕೊಂಡಿತು.

"ಇದು ಅವಳ ದನಿ ಅಲ್ಲ," ಎಂದ. "ಯಾರು ನೀನು? ಅವಳನ್ನ ಏನ್ ಮಾಡ್ದೆ?"

ಮೇಜಿನ ಮೇಲಿದ್ದ ಕತ್ತರಿ ಅವನ ಕೈಗೆ ಬಂದದ್ದೂ ನಾಯಕಿಯ ಕುತ್ತಿಗೆಗೆ ತಾಗಿದ್ದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮಾತಾಡು, ಅವಳ ಹಾಗೆ ಮಾತಾಡು ಎಂದು ಒತ್ತುತ್ತಿದ್ದ. ಎಲ್ಲಿಂದ ತಂದಾಳು ಪಾಪದವಳು? ಇಂಜಿನಿಯರನ ಮುಂದಿನ ಮೈಕು ತೆರೆದೇ ಇದ್ದುದರಿಂದ ಅಕ್ಕನಿಗೆ ಎಲ್ಲವೂ ಕೇಳುತ್ತಿತ್ತು. ತನ್ನ ಮಾತಿಗೆ ಆ ಹುಡುಗಿಯ ಪ್ರಾಣ ಹೋಗುತ್ತದಲ್ಲ! ಆಗ ನೆನಪಾಯಿತು: ಇದೇ ಚಿತ್ರದಲ್ಲಿ ನಟಿ ಆ ಹುಚ್ಚು ಅಭಿಮಾನಿಯನ್ನು ಸಮಾಧಾನ ಮಾಡುವ ದೃಶ್ಯವಿದೆ, ಅದರ ಮಾತುಗಳು ನಾಯಕಿಗೂ ತನಗೂ ಬಾಯಿಪಾಠ.

"ಹೆದರಬೇಡಿ," ಎಂದಳು ಅಕ್ಕ ಮೈಕಿನಲ್ಲಿ. "ನಿಮ್ಮನ್ನ ಬಿಟ್ಟರೆ ನನಗೆ ಯಾರಿದ್ದಾರೆ?"

ಸ್ಪೀಕರಿನಿಂದ ಬಂದ ದನಿ ಕೋಣೆ ತುಂಬಿತು. ಅವನು ಆ ದನಿ ಕೇಳಿದ್ದೆಲ್ಲ ಚಿತ್ರಮಂದಿರದ ಸ್ಪೀಕರಿನಲ್ಲೋ ಫೋನಿನಲ್ಲೋ, ಅದಕ್ಕೇ ಎಲ್ಲಿಂದ ಬಂತೆಂದು ಹುಡುಕಲೇ ಇಲ್ಲ. ನಾಯಕಿಯ ತುಟಿಯನ್ನೇ ನೋಡಿದ. ಅವಳಿಗೆ ಅರ್ಥವಾಯಿತು, ತುಟಿ ಅಲ್ಲಾಡಿತು. ಇಷ್ಟು ವರ್ಷ ಆ ತುಟಿಯ ಹಿಂದೆ ಅಕ್ಕನ ಮಾತು ಓಡಿತ್ತು. ಈಗ ಅಕ್ಕನ ಮಾತಿನ ಹಿಂದೆ ತುಟಿ ಓಡಬೇಕು, ಎಡವಿದರೆ ಮುಗಿಯಿತು. ನಾಯಕಿ ಶೂಟಿಂಗಿನಲ್ಲಿ ಎಲ್ಲಿ ತಡೆದಿದ್ದಳೋ ಅಲ್ಲೇ ಅಕ್ಕ ತಡೆದಳು, ಎಲ್ಲಿ ಉಸಿರೆಳೆದಿದ್ದಳೋ ಅಲ್ಲೇ ಉಸಿರೆಳೆದಳು. ಕೈಯಲ್ಲಿರುವುದನ್ನು ಕೆಳಗಿಡಿ ಎಂಬ ಕೊನೆಯ ಮಾತಿಗೆ ಅವನು ಕತ್ತರಿ ಕೆಳಗಿಟ್ಟು, ನೆಲದ ಮೇಲೆ ಕೂತು ಮಗುವಿನಂತೆ ಅತ್ತ. ಇಂಜಿನಿಯರನೂ ಸದ್ದು ಕೇಳಿ ಬಂದ ಕಾವಲುಗಾರನೂ ಅವನನ್ನು ಹಿಡಿದುಕೊಂಡರು.

ಎಳೆದೊಯ್ಯುವಾಗ ಅವನು ನಾಯಕಿಯ ಕಡೆ ತಿರುಗಿ, ಫೋನಲ್ಲಿ ನೀವೇ ಇಲ್ಲೇ ಇರ್ತೀನಿ ಅಂದಿದ್ದಕ್ಕೆ ಬಂದೆ ಎಂದು ಹೇಳುತ್ತಿದ್ದ.

ಅಕ್ಕ ಓಡಿಬಂದು ತಬ್ಬಿಕೊಳ್ಳಲು ಹೋದಳು. ನಾಯಕಿ ಹಿಂದೆ ಸರಿದಳು. ಅವನ ಜೊತೆ ಫೋನಲ್ಲಿ ಮಾತಾಡಿದ್ದು ನೀನಾ ಎಂದು ಕೇಳಿದಳು. ಅಕ್ಕ ತಲೆಯಾಡಿಸಿ, ತಪ್ಪಾಯಿತು ಎನ್ನಲು ಬಾಯಿ ತೆರೆದಳು. ನಾಯಕಿ ಕೈ ಅಡ್ಡ ಹಿಡಿದಳು.

"ಬೇಡ ಅಕ್ಕ. ನಿನ್ನ ದನಿಯಿಂದ್ಲೇ ಉಳಿದೆ, ಇಲ್ಲ ಅನ್ನಲ್ಲ. ಆದ್ರೆ ಇನ್ಮೇಲೆ ನನ್ನ ಬಾಯಲ್ಲಿ ನೀನು ಮಾತಾಡಬೇಡ."

ಅಕ್ಕ ತನ್ನ ಫ್ಲಾಸ್ಕು ಎತ್ತಿಕೊಂಡಳು. ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆ ನಡೆದಳು.