ಪರದೆಯ ಹಿಂದಿನ ವಾಸಂತಿ

ಆಗೆಲ್ಲ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಒಂದಕ್ಕೊಂದು ಅಂಟಿದ ಖೋಲಿಗಳ ನಮ್ಮ ಚಾಳಿನಲ್ಲಿ, ಮಳೆಗಾಲವೆಂದರೆ ಒಣಗದ ಯೂನಿಫಾರ್ಮಿನ ವಾಸನೆ, ಅದರ ಮೇಲೆ ಗೋಳಿಬಜೆಯ ಪರಿಮಳ. ಅಂಥದೊಂದು ಆಗಸ್ಟಿನ ಸಂಜೆ, ನಾನು ಐದನೆಯ ಕ್ಲಾಸಿನಲ್ಲಿದ್ದಾಗ, ಟಿ.ವಿ.ಯಲ್ಲಿ ಚೀನಾದ ಒಲಿಂಪಿಕ್ಸ್ ಶುರುವಾಯಿತು. ಕೆಂಪು ಫ್ರಾಕಿನ ಪುಟ್ಟ ಹುಡುಗಿಯೊಬ್ಬಳು ಹಾಡಿದಳು. ಒಂದಕ್ಷರ ತಿಳಿಯದಿದ್ದರೂ ನಾನೂ ವಾಸಂತಿಯೂ ಬಜೆ ಕೈಯಲ್ಲೇ ಹಿಡಿದು ಕನಸಿನಲ್ಲಿದ್ದವರಂತೆ ಕೂತೆವು.

ವಾಸಂತಿ ಪಕ್ಕದ ಖೋಲಿಯವಳು. ಅವಳಪ್ಪ ವಿಜಾಪುರದ ಕಡೆಯವರು, ಶಹಾಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವಳದು ಉಬ್ಬುಹಲ್ಲು, ಇದ್ದಬದ್ದ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಆಗಸ್ಟ್ ಹದಿನೈದಕ್ಕೆ ಕನ್ನಡ ಸಂಘದಲ್ಲಿ ಹಾಡು ಅವಳದೇ ಎಂದು ಮೊದಲೇ ನಿಶ್ಚಯವಾಗಿತ್ತು. ನನ್ನ ಕನ್ನಡವೋ, ದೇವರಿಗೇ ಪ್ರೀತಿ. ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ ನಾನು.

ನಾಲ್ಕು ದಿನ ಕಳೆದು ಪೇಪರಿನಲ್ಲಿ ಬಂತು. ಆ ಹುಡುಗಿ ಬರೀ ಬಾಯಿ ಆಡಿಸಿದ್ದಳು, ಧ್ವನಿ ಇನ್ನೊಬ್ಬಳದು. ಆ ಇನ್ನೊಬ್ಬಳ ಹಲ್ಲು ನೆಟ್ಟಗಿಲ್ಲ, ದೇಶದ ಮಾನದ ಪ್ರಶ್ನೆ ಎಂದು ಮರೆಯಲ್ಲಿಟ್ಟಿದ್ದರಂತೆ.

"ಎಂತ ಮೋಸ ಮಾರಾಯ್ರೆ! ಚಂದ ತೋರಿಸ್ಲಿಕ್ಕೆ ಮಗುವನ್ನೇ ಅಡಗಿಸುವುದಾ?" ಎಂದರು ಸಂಘದ ಕಾರ್ಯದರ್ಶಿ ರಾವ್ ಮಾಮ, ನಮ್ಮ ಮನೆಯ ಚಾ ಕುಡಿಯುತ್ತ. ಪೇಪರು ಮಡಚಿ ನನ್ನನ್ನೇ ನೋಡಿದರು. "ನಮ್ಮಲ್ಲಿಗೆ ಬೆಂಗಳೂರಿನ ಮಂತ್ರಿಗಳು ಬರ್ತಾರೆ. ಇಲ್ಲಿಯ ಕನ್ನಡದ ಮಕ್ಕಳು ಅಂತ ಫೋಟೋ ಹೋಗ್ತದೆ. ವಾಸಂತಿ ಪರದೆ ಹಿಂದಿನಿಂದ ಹಾಡಲಿ, ಇವಳು ಮುಂದೆ ನಿಲ್ಲಲಿ. ಸ್ವಲ್ಪ ಅಡ್ಜಸ್ಟ್, ಅಷ್ಟೆ."

ಅಮ್ಮ ನನ್ನ ಕೆಂಪು ಫ್ರಾಕಿಗೆ ಇಸ್ತ್ರಿ ಹಾಕಿದಳು. ನನಗೂ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

"ನಮ್ಮಪ್ಪ ಪಾಳಿ ಬಿಟ್ಟು ನನ್ನ ನೋಡಾಕ ಬರಾಕತ್ತಾನ. ನನ್ನ ಯಾಕ ಹಿಂದ ನಿಲ್ಲಸ್ತಾರ?" ಎಂದು ವಾಸಂತಿ ಕೇಳಿದಳು.

"ತೇರೇ ದಾಂತ್ ಹೈ ನಾ," ಎಂದೆ, ಅವಳ ಹಲ್ಲಿಗೆ ಬೆರಳು ತೋರಿಸಿ.

ಹದಿನೈದರಂದು ಸಂಘದ ಹಾಲ್ ತುಂಬ ಮಲ್ಲಿಗೆ, ಒದ್ದೆ ಕೊಡೆಗಳು. ನನ್ನ ಬೆನ್ನ ಹಿಂದಿನಿಂದ ಹಾಡು ತೇಲಿಬಂತು. ತುಟಿ ಆಡಿಸುತ್ತ ಆಡಿಸುತ್ತ ಅದು ನನ್ನದೇ ಧ್ವನಿ ಎಂದು ನಂಬಿಬಿಟ್ಟೆ. ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಅವಳಪ್ಪ ಕಂಡರು. ಎಲ್ಲರೂ ನನ್ನನ್ನು ನೋಡುತ್ತಿದ್ದರೆ ಅವರೊಬ್ಬರು ಕತ್ತು ಉದ್ದ ಮಾಡಿ ಪರದೆಯನ್ನು ನೋಡುತ್ತಿದ್ದರು. ನಾನು ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

"ಎಷ್ಟನೇ ಕ್ಲಾಸು ಪುಟ್ಟಿ?" ಎಂದು ಮಂತ್ರಿಗಳು ಕೆನ್ನೆ ತಟ್ಟಿದರು. "ಪಾಂಚವೀ," ಎಂದೆ. ರಾವ್ ಮಾಮನಿಗೆ ಕೆಮ್ಮು ಬಂತು.

ಹೊರಗೆ ಅವಳಪ್ಪ ಪೇಢೆಯ ಪೊಟ್ಟಣ ಹಿಡಿದು ನಿಂತಿದ್ದರು. "ದನಿ ನಿಂದ ಐತಲ್ಲವ್ವಾ, ಮತ್ತ ನೀ ಯಾಕ ಹೊರಗ ಬರಲಿಲ್ಲ?" ಎಂದು ಮಗಳನ್ನು ಕೇಳಿದರು. ವಾಸಂತಿ ಉತ್ತರಿಸಲು ಬಾಯಿ ತೆರೆದಳು. ಅದೇ ಮೊದಲ ಸಲ, ತೆರೆದ ಬಾಯಿಗೆ ಅಂಗೈ ಅಡ್ಡ ಹಿಡಿದಳು.

ಈಗ ಆ ಚಾಳು ಇಲ್ಲ, ಟವರ್ ಎದ್ದಿದೆ. ನನ್ನ ಕನ್ನಡ ನೆಟ್ಟಗಾಗಿದೆ, ನೋಡಿ, ಬರೆಯುತ್ತಲೂ ಇದ್ದೇನೆ. ವಾಸಂತಿ ಹತ್ತನೆಯ ಕ್ಲಾಸಿನವರೆಗೂ ಪಕ್ಕದಲ್ಲೇ ಇದ್ದಳು, ನನ್ನ ಜೊತೆ ನಗುತ್ತಲೂ ಇದ್ದಳು. ಅಂಗೈ ಅಡ್ಡವಿಲ್ಲದ ಅವಳ ನಗುವನ್ನು ಮಾತ್ರ ನಾನು ಮತ್ತೆ ನೋಡಲಿಲ್ಲ.